ಡಿಸ್ಟೋಪಿಯಾ ಕಥೆಯೊಳಗ ಒಂದು ಕೊಡ ನೀರಿನ ಬೆಲೆ ಎಷ್ಟು?

ವರದಾ ದಂಡಿ (ಹಾವೇರಿ)

ಡಿಸ್ಟೋಪಿಯಾ ಕಾದಂಬರಿಗಳನ್ನು, ಅಂದರೆ ಬದುಕು ಕೆಟ್ಟು ಹೋದ ಮುಂದಿನ ಕಾಲದ ಕಥೆಗಳನ್ನು, ಓದುವ ಬಗ್ಗೆ ನಮ್ಮ ಈ ಬಳಗದಲ್ಲಿ ಬಹಳ ಚರ್ಚೆ ಆಗಿದೆ, ಬರೆಯುವ ಬಗ್ಗೆ ಆಗಿಲ್ಲ. ಅದಕ್ಕೆ ಒಂದು ಕಥೆಯ ಹಂದರ ಇಡುತ್ತಿದ್ದೇನೆ. ಎಲ್ಲರೂ ಬಿಚ್ಚಿ ನೋಡಿ.

ಕಾಲ 2060ರ ಸುಮಾರು. ಗದಗ ಜಿಲ್ಲೆಯ ಇನ್ನೂರು ಮನೆಗಳ ಊರು. ನಳದ ನೀರು ನಿಂತು ವರ್ಷಗಳಾಗಿವೆ. ರೇಷನ್ನು ಹೆಬ್ಬೆಟ್ಟಿನ ಮೇಲೆ. ಊರು ಬಿಡಬೇಕಾದರೆ ಪರವಾನಗಿ ಬೇಕು. ಹೊರಗಿನವರಿಗೆ ಅನ್ನ, ನೀರು ಕೊಟ್ಟ ಮನೆಯ ಕಾರ್ಡು ರದ್ದು. ಗಂಗವ್ವ ಎಂಬ ಮುದುಕಿ ರಾತ್ರಿ ಬಂದ ಅಪರಿಚಿತನಿಗೆ ಒಂದು ಕೊಡ ನೀರು ಕೊಡುತ್ತಾಳೆ. ಬೆಳಗಾಗುವುದರೊಳಗೆ ಅವಳನ್ನು ಹಿಡಿದುಕೊಂಡು ಹೋಗುತ್ತಾರೆ. ಊರು ಎಚ್ಚರಗೊಂಡು ಬೀದಿಗಿಳಿಯುತ್ತದೆ.

ಓದಿದವರು "ಚಲೋ ಐತಿ" ಅಂದು ಮುಂದೆ ಹೋಗುತ್ತಾರೆ, ಯಾರ ಮನಸ್ಸಿನಲ್ಲೂ ಅದು ಉಳಿಯುವುದಿಲ್ಲ. ಎಲ್ಲಿ ಸಡಿಲಾಗಿದೆ?

ಬೆಣ್ಣಿಹಳ್ಳ (ಹುಬ್ಬಳ್ಳಿ)

ಅಕ್ಕಾರ, ಸಡಿಲಾಗಿದ್ದು ಆ ಕೊಡದಾಗ. ಕೊಡದ ಬೆಲೆ ಕಥಿಯೊಳಗ ಎಲ್ಲೂ ಬಂದಿಲ್ಲ.

ಪ್ಲಾಸ್ಟಿಕ್ ಕೊಡ ಸುಮಾರು 15 ಲೀಟರ್ ಹಿಡಿತದ. ಒಬ್ಬರಿಗೆ ಕುಡಿಯಾಕ, ಅಡಗಿಗೆ ಸೇರಿ ದಿನಕ್ಕ ಕಮ್ಮಿ ಅಂದ್ರೂ ಎರಡೂವರಿಯಿಂದ ಮೂರು ಲೀಟರ್ ಬೇಕು. ಐದು ಮಂದಿ ಇರೋ ಮನಿಗೆ ಒಂದು ಕೊಡ ಅಂದ್ರ ಇಡೀ ಒಂದು ದಿನ. ಮೈ ತೊಳಿಯೂದು, ಅರಿವಿ ಒಗಿಯೂದು ಇದರಾಗ ಬರಂಗಿಲ್ಲ. ನಿರಾಶ್ರಿತರ ಶಿಬಿರ ನಡಸೋವ್ರು ಎಲ್ಲಾ ಕೂಡಿ ಒಬ್ಬರಿಗೆ ದಿನಕ್ಕ 15 ಲೀಟರ್ ಅಂತ ಕನಿಷ್ಠ ಲೆಕ್ಕ ಇಟ್ಕೊಂಡಾರ. ಅಂದ್ರ ನಿಮ್ಮ ಗಂಗವ್ವ ಐದು ಮಂದಿಯ ಒಂದು ದಿನಾನ ಎತ್ತಿ ಕೊಟ್ಟಾಳ. ಇದು ಆಕಿಗೆ ಗೊತ್ತದ, ನಿಮಗೂ ಗೊತ್ತದ, ಓದೋವ್ರಿಗೆ ಗೊತ್ತಿಲ್ಲ.

ಕೊಡೂಕಿಂತ ಎರಡು ಪುಟ ಮೊದಲ ಲೆಕ್ಕ ಕಣ್ಣಿಗೆ ಬೀಳಬೇಕು. ನೀರಿನ ಹರವಿ ಒಳಗ ಸುಣ್ಣದ ಗೆರಿ ಹಾಕಿರಲಿ, ಒಂದು ಗೆರಿ ಒಂದು ದಿನಕ್ಕ. ಅಕ್ಕಿ ತೊಳದ ನೀರು ಬ್ಯಾಳಿಗೆ, ಕೈ ತೊಳದ ನೀರು ಎಮ್ಮಿಗೆ. ಮೊಮ್ಮಗಳು ಗೆರಿ ನೋಡಿ "ಆಯಿ, ನಾಳೆ ಗೆರಿ ಇಲ್ಲ" ಅನ್ನಲಿ, ಅಷ್ಟಾದ್ರ ಸಾಕು. ಆಮ್ಯಾಲೆ ಕೊಡೂದು ಪೂರ್ತಿ ಕೊಡ ಬ್ಯಾಡ, ಒಂದು ಚರಗಿ ಸಾಕು. ಕೊಟ್ಟದ್ದು ಕಮ್ಮಿ ಆದಷ್ಟೂ ಬೆಲೆ ಕಾಣತದ. ಕೊಡ ಪೂರ್ತಿ ಕೊಟ್ರ ಆಕಿ ದೇವರಾಗ್ತಾಳ, ಓದೋವ್ರು ಕೈ ಮುಗದು ಹೋಗ್ತಾರ.

ಇನ್ನೊಂದು: ಕೊಟ್ಟ ರಾತ್ರಿಗಿಂತ ಕೊಟ್ಟ ಮರುದಿನಾನ ಹೆಚ್ಚು ಬರೀರಿ. ಆ ಚರಗಿ ಯಾರ ಪಾಲಿನಿಂದ ಕಡದ್ಲು? ತನ್ನದರಿಂದ ಕಡದ್ರ ಒಂದು ಕಥಿ. ಹೇಳದ ಕೇಳದ ಮಗನ ಪಾಲಿನಿಂದ ಕಡದ್ರ ಅದು ಬ್ಯಾರೆ ಕಥಿ, ಮತ್ತ ಅದು ಹೆಚ್ಚು ಖರೆ.

ಸಾಧನಕೇರಿ ಓದುಗ (ಧಾರವಾಡ)

ಲೆಕ್ಕದ ಮಾತು ಒಪ್ಪಿದೆ. ನನ್ನ ತಕರಾರು ಕೊನೆಯ ಸಾಲಿನ ಬಗ್ಗೆ. "ಊರು ಎಚ್ಚರಗೊಂಡು ಬೀದಿಗಿಳಿಯುತ್ತದೆ" ಎಂಬಲ್ಲಿ ಭರವಸೆಯನ್ನು ಗೆಲುವಿನ ಜೊತೆ ಕಟ್ಟಿಬಿಟ್ಟಿದ್ದೀರಿ. ಈ ಬಗೆಯ ಒಳ್ಳೆಯ ಕಾದಂಬರಿಗಳು ಹಾಗೆ ಮಾಡುವುದಿಲ್ಲ. ಅವು ಭರವಸೆಯನ್ನು ಕಥೆಯ ಕಟ್ಟಡದೊಳಗೆ ಅಡಗಿಸಿ ಇಡುತ್ತವೆ.

ಆರ್ವೆಲ್‌ನ 1949ರ 'ನೈನ್ಟೀನ್ ಏಟಿ-ಫೋರ್' ಕಾದಂಬರಿಯ ಕೊನೆಯಲ್ಲಿ ನಾಯಕ ಪೂರ್ತಿ ಸೋತಿದ್ದಾನೆ. ಅದಾದ ಮೇಲೆ ಆಡಳಿತದ ಕೃತಕ ಭಾಷೆಯ ಬಗ್ಗೆ ಒಂದು ಅನುಬಂಧ ಬರುತ್ತದೆ, ಅದು ಇರುವುದು ಭೂತಕಾಲದಲ್ಲಿ. ಆ ಭಾಷೆ "ಇತ್ತು", ಅದರ ಉದ್ದೇಶ ಹೀಗೆ "ಆಗಿತ್ತು". ಅಂದರೆ ಆ ಆಡಳಿತ ಎಂದೋ ಮುಗಿದಿದೆ, ಯಾರೋ ನಿಶ್ಚಿಂತೆಯಿಂದ ಕುಳಿತು ಅದರ ಬಗ್ಗೆ ಬರೆಯುತ್ತಿದ್ದಾರೆ ಎಂದು ಓದಿಕೊಳ್ಳುವವರು ಬಹಳ ಜನ. ಎಲ್ಲರೂ ಒಪ್ಪುವುದಿಲ್ಲ, ಆದರೆ ಆ ಓದಿಗೆ ಪಠ್ಯದಲ್ಲೇ ಜಾಗ ಇದೆ. ಮಾರ್ಗರೆಟ್ ಅಟ್ವುಡ್ 1985ರ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಕಾದಂಬರಿಯಲ್ಲಿ ಇದನ್ನೇ ಬಹಿರಂಗವಾಗಿ ಮಾಡಿದರು: ಸೆರೆಯಾದ ಹೆಣ್ಣಿನ ಕಥೆ ಮುಗಿದ ಮೇಲೆ 2195ರ ಒಂದು ವಿಚಾರ ಸಂಕಿರಣದ ವರದಿ. ಆ ವಿದ್ವಾಂಸರು ಅವಳ ನೋವಿನ ಬಗ್ಗೆ ಹಗುರವಾಗಿ ಮಾತಾಡುತ್ತಾರೆ, ಅದನ್ನು ಓದುವಾಗ ಮೈ ಉರಿಯುತ್ತದೆ. ಆದರೂ ಅವಳ ದನಿ ಉಳಿದು ಬಂತು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಗಂಗವ್ವನ ಕಥೆಗೆ ಇದನ್ನು ಇಳಿಸುವುದು ಸುಲಭ. ಕಥೆ ಹೇಳುತ್ತಿರುವವಳು ಆ ಮೊಮ್ಮಗಳು, ಈಗ ಅವಳಿಗೇ ಅರವತ್ತು. ಅದನ್ನು ಬಾಯಿಬಿಟ್ಟು ಹೇಳಬೇಡಿ. ಮಧ್ಯದಲ್ಲೊಂದು ಕಡೆ "ಆಗ ಹರವಿಗೆ ಗೆರೆ ಹಾಕುತ್ತಿದ್ದರು" ಎಂದು ಬರಲಿ. ಆ "ಆಗ" ಒಂದೇ ಪದ ಸಾಕು, ಗೆರೆ ಹಾಕದ ಕಾಲವೊಂದು ಬಂದಿದೆ ಎಂದು ಜಾಣ ಓದುಗರಿಗೆ ತಿಳಿಯುತ್ತದೆ. ಬೀದಿಗಿಳಿದ ಜನಸ್ತೋಮ ಬೇಕಾಗುವುದೇ ಇಲ್ಲ.

ಎರಿಹೊಲ (ಗದಗ)

ನೀರಿನ ಮಾತು ಆತು. ಕಾಳಿನ ಕಡೆ ಬರ್ರಿ. ನಮ್ಮ ಭಾಗದಾಗ ಬರಗಾಲದ ಕಥಿ ಬರಿಯೋವ್ರು ಕಾಳು ತುಂಬಿಡೋ ಹಗೇವು ಬಿಟ್ಟು ಯಾಕ ಬರೀತಾರೋ ತಿಳಿಯಂಗಿಲ್ಲ. ಇಲ್ಲಿ ಕರುಣಾ ಅಂದ್ರ ಏನು ಅನ್ನೂದು ಕೈಗೆ ಸಿಕ್ಕಂಗ ಸಿಗತೈತಿ.

ಗಟ್ಟಿ ನೆಲದಾಗ ತೋಡಿದ ಕುಣಿ. ಬಾಯಿ ಸಣ್ಣದು, ಒಬ್ಬ ಮನಷ್ಯಾ ಇಳಿಯುವಷ್ಟು. ಹೊಟ್ಟಿ ಅಗಲ. ಒಳಗ ತಳಕ್ಕ, ಗ್ವಾಡಿಗೆ ಜ್ವಾಳದ ದಂಟು, ಹುಲ್ಲು ಒತ್ತಿ ಹಚ್ಚಿ, ಪೂರಾ ಒಣಗಿದ ಜ್ವಾಳ ಸುರಿಯೂದು. ಬಾಯಿಗೆ ಕಲ್ಲು ಇಟ್ಟು ಮಣ್ಣು ಮೆತ್ತಿ ಮುಚ್ಚಿದ್ರ ಕಾಳು ವರ್ಷಗಟ್ಟಲೆ ಇರತೈತಿ. ಯಾಕಂದ್ರ ಕಾಳಿಗೂ ಉಸಿರು ಐತಿ. ಒಳಗಿನ ಆಮ್ಲಜನಕ ಎಲ್ಲಾ ಅದು ತಗೊಂಡು ಇಂಗಾಲದ ಡೈಆಕ್ಸೈಡ್ ತುಂಬಿಸತೈತಿ, ಹುಳಾ ಸತ್ತು ಹೋಗತಾವ. ಹುಳಾ ಕೊಂದ ಗಾಳಿ ಮನಷ್ಯಾನ್ನೂ ಕೊಲ್ಲತೈತಿ. ಈ ಗಾಳಿ ಭಾರ, ತಾನಾಗೇ ಮ್ಯಾಲೆ ಬರಂಗಿಲ್ಲ. ಅದಕ್ಕ ಬಾಯಿ ತಗದು ತಾಸುಗಟ್ಟಲೆ ಬಿಡಬೇಕು, ಹುಲ್ಲಿನ ಕಟ್ಟೋ ಕಂಬಳಿನೋ ಹಗ್ಗಕ್ಕ ಕಟ್ಟಿ ಮ್ಯಾಲೆ ಕೆಳಗ ಆಡಿಸಿ ಗಾಳಿ ಕದಡಬೇಕು. ಆಮ್ಯಾಲೆ ಹಚ್ಚಿದ ಕಂದೀಲು ಇಳಿಸಿ ನೋಡಬೇಕು. ಆರಿದ್ರ ಇಳಿಯೂದು ಇಲ್ಲ. ಉರದ್ರೂ ಪೂರಾ ಭರೋಸಾ ಇಲ್ಲ, ಸೊಂಟಕ್ಕ ಹಗ್ಗ ಇದ್ದೇ ಇರಬೇಕು, ಮ್ಯಾಲೆ ಇಬ್ಬರು ಹಿಡದಿರಬೇಕು.

ಸಾವು ಹೆಚ್ಚಾಗೂದು ಎರಡನೇ ಮನಷ್ಯಾನಿಂದ. ಮೊದಲನೇವ ಎಚ್ಚರ ತಪ್ಪಿ ಬೀಳತಾನ. ಅಣ್ಣೋ ತಮ್ಮೋ ಜೀವಾ ತಡೀಲಾರದ ಜಿಗಿತಾನ, ಅವನೂ ಹೋಗತಾನ. ಪ್ರೀತಿ ಇದ್ದವ ಜಿಗಿತಾನ, ತಿಳದವ ಹಗ್ಗಾ ಜಗ್ಗತಾನ. ಡಿಸ್ಟೋಪಿಯಾ ಕಥಿಯೊಳಗ ನನಗ ಬೇಕಾದ ಪಾತ್ರ ಈ ಹಗ್ಗಾ ಜಗ್ಗಾಂವ. ಗಂಡ ಒಳಗ ಬಿದ್ದಾನ, ಹೆಂಡತಿ ಜಿಗಿಯಾಕ ಹೊಂಟಾಳ, ಆಕಿ ಬೈದ್ರೂ ಹೊಡದ್ರೂ ಬಿಡದ ರಟ್ಟಿ ಗಟ್ಟಿ ಹಿಡದು ಕುಂತ ಮುದುಕನ್ನ ಬರೀರಿ. ಆಕಿ ಅವಗ ಜನ್ಮಪೂರ್ತಿ ಕ್ಷಮಾ ಮಾಡಂಗಿಲ್ಲ. ಆದ್ರೂ ಅದು ಕರುಣಾನ.

ಸಾಧನಕೇರಿ ಓದುಗ (ಧಾರವಾಡ)

ಎರಿಹೊಲ ಅವರೇ, ಕೊನೆಯ ಪ್ಯಾರಾ ಇಡೀ ಕಥೆಗೆ ಸಾಕು. ಕ್ಷಮೆ ಸಿಗದ ಕರುಣೆಯನ್ನು ಬರೆಯುವವರು ಕಡಿಮೆ. ವರದಾ ಅವರ ಹಂದರದಲ್ಲಿ ಎಲ್ಲರೂ ಗಂಗವ್ವನನ್ನು ಕೊಂಡಾಡುತ್ತಾರೆ, ಅದೇ ಅದರ ತೊಂದರೆ.

ಕಪ್ಪತಗುಡ್ಡ (ಮುಂಡರಗಿ)

ಹಿನ್ನೆಲೆಯ ಬಗ್ಗೆ ಒಂದೆರಡು ತಿದ್ದುಪಡಿ, ಯಾಕೆಂದರೆ ಇಲ್ಲಿ ತಪ್ಪಿದರೆ ಮೇಲಿನ ಕರುಣೆಯೂ ನಂಬಿಕೆ ಕಳೆದುಕೊಳ್ಳುತ್ತದೆ.

ಗದಗಿನ ಕಡೆ ಕಥೆ ಇಟ್ಟವರೆಲ್ಲ ಗಾಳಿಕಂಬ ತರುತ್ತಾರೆ. "ದೇಶದಲ್ಲೆಲ್ಲ ಕರೆಂಟ್ ಹೋಯಿತು, ನಮ್ಮೂರಿನ ಗಾಳಿಕಂಬ ಮಾತ್ರ ತಿರುಗಿ ಊರಿಗೆ ದೀಪ ಕೊಟ್ಟಿತು" ಎಂಬಂತೆ. ಹಾಗಾಗುವುದಿಲ್ಲ. ಗುಡ್ಡದ ಮೇಲಿರುವವು ಗ್ರಿಡ್ಡಿಗೆ, ಅಂದರೆ ದೇಶದ ವಿದ್ಯುತ್ ಜಾಲಕ್ಕೆ, ಜೋಡಿಸಿದ ಯಂತ್ರಗಳು. ಗ್ರಿಡ್ಡಿನ ವೋಲ್ಟೇಜು, ಆವರ್ತನ ಸಿಗದಿದ್ದರೆ ಅವು ತಾವಾಗಿ ನಿಲ್ಲುತ್ತವೆ. ಬ್ಯಾಟರಿ ಇಲ್ಲದ ಮನೆ ಮೇಲಿನ ಸೋಲಾರೂ ಹಾಗೆಯೇ, ಲೈನಿನಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದೆಂದು ಆ ವ್ಯವಸ್ಥೆ. ನಿಂತ ಗಾಳಿಕಂಬಗಳ ಕೆಳಗೆ ಕತ್ತಲಲ್ಲಿರುವ ಊರು ಹೆಚ್ಚು ನಿಜ.

ಊರನ್ನು ನವಲಗುಂದದ ಕಡೆಗೆ ಸರಿಸಬೇಡಿ. ಅಲ್ಲಿ ಎರೆನೆಲದ ಕೆಳಗಿನ ನೀರು ಸವಳು, ಜನ ನೆಚ್ಚಿರುವುದು ಕೆರೆಯನ್ನು. ಮುಂಡರಗಿ ಕಡೆ ಇಟ್ಟರೆ ಬೋರಿಂಗ್ ನೀರು ಕುಡಿಯುತ್ತಾರೆ, ಆದರೆ ಅದರಲ್ಲಿ ಫ್ಲೋರೈಡ್ ಇರುತ್ತದೆ. ವಾಸನೆ ಇಲ್ಲ, ರುಚಿ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೇಲ್ಮಿತಿ. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕಂದಾಗುತ್ತವೆ, ಪ್ರಮಾಣ ಇನ್ನೂ ಹೆಚ್ಚಾದರೆ ಎಲುಬು, ಕೀಲು ಬಿಗಿಯುತ್ತವೆ.

ನನಗೆ ಈ ಕಥೆಯ ನಡುಗಂಬ ಎಂದರೆ ಕೈಪಂಪು. ಇನ್ನೂರು ಮನೆಗೆ ಒಂದೇ ಬೋರಿಂಗ್ ಇರಲಿ. ಅದು ಕೆಟ್ಟ ದಿನದಿಂದ ಕಥೆ ಶುರುವಾಗಲಿ.

ವರದಾ ದಂಡಿ (ಹಾವೇರಿ)

ಕಪ್ಪತಗುಡ್ಡ ಸರ್, ಪಂಪು ಕೆಟ್ಟರೆ ಏನು ಕೆಡುತ್ತದೆ, ಯಾರು ಎಷ್ಟು ಹೊತ್ತು ದುಡಿಯಬೇಕು, ಎಲ್ಲಿ ಅಪಾಯ? ಇಷ್ಟು ತಿಳಿದರೆ ಆ ದೃಶ್ಯ ಬರೆಯಬಹುದು.

ಕಪ್ಪತಗುಡ್ಡ (ಮುಂಡರಗಿ)

ಹಳ್ಳಿಗಳಲ್ಲಿ ಕಾಣುವ ಉದ್ದ ಹಿಡಿಕೆಯ ಪಂಪು ಇಂಡಿಯಾ ಮಾರ್ಕ್ 2. ಸೊಲ್ಲಾಪುರದಲ್ಲಿ ತಯಾರಾಗುತ್ತಿದ್ದ ಪಂಪಿನ ಆಧಾರದ ಮೇಲೆ 1970ರ ದಶಕದಲ್ಲಿ ರೂಪುಗೊಂಡದ್ದು. ನಿಮಿಷಕ್ಕೆ ನಲವತ್ತು ಹೊಡೆತಕ್ಕೆ ಸುಮಾರು 12 ಲೀಟರ್, ಅಂದರೆ ಒಂದು ಕೊಡಕ್ಕೆ ಒಂದೂಕಾಲು ನಿಮಿಷ. ಇದು ಹೊಸ ಪಂಪಿನ ಲೆಕ್ಕ. ಹಳೆಯದಕ್ಕೆ ಎರಡು ನಿಮಿಷ ಇಡಿ. ಇನ್ನೂರು ಮನೆಗೆ ತಲಾ ಎರಡು ಕೊಡ ಎಂದರೂ ಎಂಟುನೂರು ನಿಮಿಷ, ಹದಿಮೂರು ತಾಸು. ಬೆಳಗಿನ ಐದರಿಂದ ಸಂಜೆ ಆರರ ತನಕ ಹಿಡಿಕೆ ನಿಲ್ಲುವ ಹಾಗಿಲ್ಲ.

ಮೊದಲು ಸವೆಯುವುದು ಕೆಳಗಿನ ಸಿಲಿಂಡರಿನೊಳಗಿನ ವಾಷರ್. ಬಟ್ಟಲಿನ ಆಕಾರದ್ದು, ಪಿಸ್ಟನ್ನಿಗೆ ಎರಡು. ಅದು ಸವೆದರೆ ಹಿಡಿಕೆ ಹಗುರಾಗುತ್ತದೆ, ನೀರು ಬರುವುದಿಲ್ಲ. ಸಿಲಿಂಡರ್ ಮೂವತ್ತು ಮೀಟರ್ ಆಳದಲ್ಲಿದ್ದರೆ ಮೂರು ಮೀಟರಿನ ಹತ್ತು ಕಬ್ಬಿಣದ ಪೈಪು ಮೇಲೆತ್ತಬೇಕು. ತಲೆಯ ಮುಚ್ಚಳ ತೆಗೆದು, ಸರಪಳಿಯಿಂದ ರಾಡು ಬಿಡಿಸಿ, ಮೇಲಿನ ಪೆಟ್ಟಿಗೆ ಇಳಿಸಿ, ಪೈಪಿಗೆ ಕ್ಲಾಂಪ್ (ಬಿಗಿದು ಹಿಡಿಯುವ ಕಬ್ಬಿಣದ ಇಕ್ಕಳ) ಹಾಕಿ, ಮೂರು ನಾಲ್ಕು ಜನ ಒಮ್ಮೆಗೇ ಎತ್ತಬೇಕು. ಒಂದು ಪೈಪು ಮೇಲೆ ಬಂದ ಕೂಡಲೇ ಕೆಳಗಿನದಕ್ಕೆ ಕ್ಲಾಂಪ್ ಬಿಗಿದು, ಮೇಲಿನದನ್ನು ತಿರುಗಿಸಿ ಬಿಚ್ಚಿ, ರಾಡಿನ ಜೋಡಣೆ ಕಳಚಿ, ಬದಿಗೆ ಮಲಗಿಸಬೇಕು. ಹೀಗೆ ಹತ್ತು ಸಲ. ಪೈಪು, ರಾಡು, ಒಳಗೆ ನಿಂತ ನೀರು ಸೇರಿ ಶುರುವಿನ ಭಾರ ನೂರು ಕಿಲೋ ದಾಟುತ್ತದೆ.

ಅಪಾಯ ಕ್ಲಾಂಪಿನಲ್ಲಿದೆ. ಅದು ಜಾರಿದರೆ ಇಡೀ ಸರಣಿ ಬೋರಿನೊಳಗೆ ಬೀಳುತ್ತದೆ, ಆಮೇಲೆ ಕೊಕ್ಕೆ ಇಳಿಸಿ ಮೀನು ಹಿಡಿದಂತೆ ಹುಡುಕಬೇಕು. ಬಹಳ ಸಲ ಆ ಬೋರೇ ಹಾಳು. ಆದ್ದರಿಂದ ಕ್ಲಾಂಪ್ ಹಿಡಿದವರು ಊರಿನ ಎಲ್ಲ ಮನೆಗಳ ನೀರನ್ನು ಹಿಡಿದಿರುತ್ತಾರೆ. ಪರಸ್ಪರ ಮಾತು ಬಿಟ್ಟ ಇಬ್ಬರು ಎದುರುಬದುರು ನಿಂತು ಒಂದೇ ಕ್ಲಾಂಪನ್ನು ಹಿಡಿಯಬೇಕಾದ ಅರ್ಧ ತಾಸು ಬರೆಯಿರಿ. ಅವರಿಗೆ ಮಾತು ಕೊಡಬೇಡಿ. "ಎತ್ತು", "ಹಿಡಿ", "ಬಿಡು" ಇಷ್ಟೇ ಸಾಕು.

ಬ್ಯಾಡಗಿ ಘಾಟು (ಬ್ಯಾಡಗಿ)

ಇಷ್ಟು ಹೊತ್ತು ಎಲ್ಲರೂ ಊರು ಊರು ಎನ್ನುತ್ತಿದ್ದೀರಿ. ಯಾವ ಊರು? ಬೋರಿಂಗ್ ಯಾವ ಓಣಿಯಲ್ಲಿದೆ? ಹಿಡಿಕೆಯನ್ನು ಯಾರು ಮುಟ್ಟಬಹುದು, ಯಾರು ದೂರ ನಿಂತು ಕೊಡ ಒಡ್ಡಬೇಕು? ನಮ್ಮ ಸೀಮೆಯ ಡಿಸ್ಟೋಪಿಯಾ ಬರೆಯಲು 2060ಕ್ಕೆ ಹೋಗಬೇಕಾಗಿಲ್ಲ, ಕೆಲವರಿಗೆ ಅದು ಎಂದಿನಿಂದಲೋ ನಡೆಯುತ್ತಿದೆ. ಎತ್ತರದಿಂದ ಬೊಗಸೆಗೆ ಸುರಿದ ನೀರನ್ನು ಕರುಣೆ ಎಂದು ಬರೆಯಬೇಡಿ. ಗಂಗವ್ವ ಆ ಅಪರಿಚಿತನಿಗೆ ಯಾವ ಚರಿಗೆಯಲ್ಲಿ ಕೊಟ್ಟಳು, ಕುಡಿದ ಮೇಲೆ ಅದನ್ನು ಎಲ್ಲಿಟ್ಟಳು ಎಂಬುದನ್ನು ಬರೆಯದಿದ್ದರೆ ಆ ದೃಶ್ಯದಲ್ಲಿ ಅರ್ಧ ಸತ್ಯ ಮಾತ್ರ ಇರುತ್ತದೆ.

ಈಗ ವಾಷರಿನ ಮಾತು. ಇತ್ತೀಚಿನವು ನೈಟ್ರೈಲ್ ರಬ್ಬರಿನವು, ಪೇಟೆಯಿಂದ ಬರಬೇಕು. ನಿಮ್ಮ 2060ರಲ್ಲಿ ಪೇಟೆ ಮುಚ್ಚಿದೆ. ಮೊದಲು ಅದನ್ನು ಚರ್ಮದಲ್ಲಿ ಮಾಡುತ್ತಿದ್ದರು. ಹಾಗಾದರೆ ಊರಿನ ನೀರು ನಿಂತಿರುವುದು ಚರ್ಮ ಹದ ಮಾಡಿ ಚಪ್ಪಲಿ ಹೊಲಿಯುವ ಮನೆಯವರ ಕೈಯಲ್ಲಿ. ತಂಗಡಿ ತೊಗಟೆಯಲ್ಲಿ ಹದ ಮಾಡಿದ ಚರ್ಮ ಬೇಕು. ದಪ್ಪ ಎಲ್ಲ ಕಡೆ ಒಂದೇ ಇರಬೇಕು, ಇಲ್ಲವಾದರೆ ಒಂದು ಬದಿ ಬೇಗ ಸವೆದು ನೀರು ಸೋರುತ್ತದೆ. ದುಂಡಗೆ ಕತ್ತರಿಸಿ, ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ, ಸಿಲಿಂಡರಿನ ಒಳಸುತ್ತಿಗೆ ಸರಿಯಾದ ಕಟ್ಟಿಗೆಯ ಅಚ್ಚಿನಲ್ಲಿ ಒತ್ತಿಟ್ಟು ಬಟ್ಟಲಿನ ಆಕಾರಕ್ಕೆ ತರಬೇಕು. ನೆರಳಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೆಟೆದು ಸೀಳುತ್ತದೆ. ಅಂಚು ಸಮ ಮಾಡಿ ಎಣ್ಣೆ ಕುಡಿಸಬೇಕು.

ಈ ಕೆಲಸವನ್ನು ಮಾಡಿಕೊಡುವವರನ್ನು ಊರು ಇಷ್ಟು ವರ್ಷ ಹಿಡಿಕೆ ಮುಟ್ಟಲು ಬಿಟ್ಟಿಲ್ಲ. ಅವರು ಮಾಡಿಕೊಡುತ್ತಾರೋ ಇಲ್ಲವೋ, ಮಾಡಿಕೊಟ್ಟರೆ ಏನು ಕೇಳುತ್ತಾರೆ ಎಂಬಲ್ಲಿ ನಿಮ್ಮ ಕಥೆ ನಿಲ್ಲಬೇಕು. ದಯವಿಟ್ಟು ಅವರನ್ನು ಕ್ಷಮಾಮೂರ್ತಿಗಳನ್ನಾಗಿ ಮಾಡಬೇಡಿ. ಅವರು ಕರಾರು ಹಾಕಲಿ: ಬೋರಿಂಗಿನ ಕೀಲಿ ನಮ್ಮ ಮನೆಯಲ್ಲೂ ಒಂದು ಇರಬೇಕು, ಪಾಳಿ ನಾವು ಬರೆಯುತ್ತೇವೆ ಎಂದು.

ಬೆಣ್ಣಿಹಳ್ಳ (ಹುಬ್ಬಳ್ಳಿ)

ಘಾಟು ಅವರು ಹೇಳಿದ ಕರಾರಿನ ಮಾತು ಬಂಗಾರದಂಥಾದ್ದು. ಕೀಲಿ ಅನ್ನೂದು ಕಥಿಗೆ ಭಾಳ ಚಲೋ ವಸ್ತು. ಊರಾಗ ಎರಡು ಕೀಲಿ, ಎರಡೂ ಹಚ್ಚಿದ್ರನ ಬೋರಿಂಗ್ ತಗೀತದ ಅಂತ ಮಾಡ್ರಿ. ಆವಾಗ ಒಬ್ಬರಿಗೊಬ್ಬರು ದಯಾ ಮಾಡೂದಲ್ಲ, ಒಬ್ಬರಿಗೊಬ್ಬರು ಬೇಕು.

ನರಗುಂದ ನೋಟ (ನರಗುಂದ)

ವಿರೋಧ ಇದೆ. ಇಂಥ ಕಾಲದಲ್ಲಿ ಜನ ಒಬ್ಬರನ್ನೊಬ್ಬರು ಕಿತ್ತು ತಿನ್ನುತ್ತಾರೆ. ಭರವಸೆ ತುರುಕುವುದು ಓದುಗರಿಗೆ ಕೊಡುವ ಸುಳ್ಳು ಸಮಾಧಾನ.

ಸಾಧನಕೇರಿ ಓದುಗ (ಧಾರವಾಡ)

ಕಿತ್ತು ತಿನ್ನುವುದೂ ನಡೆಯುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ವಿಪತ್ತಿನಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ಅಮೆರಿಕದ ಓಹಾಯೋದಲ್ಲಿ 1963ರಲ್ಲಿ ಒಂದು ಅಧ್ಯಯನ ಕೇಂದ್ರವೇ ಶುರುವಾಯಿತು. ಅಲ್ಲಿನ ಸಮಾಜಶಾಸ್ತ್ರಜ್ಞರು ದಶಕಗಟ್ಟಲೆ ಕಂಡದ್ದು ಸಿನಿಮಾದ ಚಿತ್ರಕ್ಕೆ ಉಲ್ಟಾ: ದಿಕ್ಕೆಟ್ಟು ಓಡುವುದು, ಲೂಟಿ ಕಡಿಮೆ. ಮೊದಲು ಎತ್ತುವ ಕೈಗಳು ಬಹುಪಾಲು ಪಕ್ಕದ ಮನೆಯವರದೇ. ನಿಮ್ಮ ನರಗುಂದ ತಾಲೂಕನ್ನೇ ನೋಡಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿನ ಕಡೆ ನೀರು ನುಗ್ಗಿದಾಗ ಸುತ್ತಲಿನ ಊರುಗಳಿಂದ ಬುಟ್ಟಿ ಬುಟ್ಟಿ ಜೋಳದ ರೊಟ್ಟಿ ಬಂತು. ಒಣ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಲೆ ಬೇಕಿಲ್ಲ, ಚಟ್ನಿಪುಡಿ ಇದ್ದರೆ ಊಟ ಆಯಿತು. ಆ ಆಯ್ಕೆಯಲ್ಲೇ ತಿಳಿವಳಿಕೆ ಇತ್ತು.

ಇನ್ನೊಂದು ಹಳೆಯ ಉದಾಹರಣೆ, ಇದು ಆಡಳಿತದ ಒಳಗಿನದು. 1876–78ರ ಬರದಲ್ಲಿ ಧಾರವಾಡ, ಬೆಳಗಾವಿ, ಕಲಾದಗಿ ಸೀಮೆಗಳು ಮುಂಬೈ ಪ್ರಾಂತದಲ್ಲಿದ್ದವು, ಪಕ್ಕದ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿ. 1877ರಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ಮದ್ರಾಸ್ ಪ್ರಾಂತದ ಪರಿಹಾರ ಕಾಮಗಾರಿಯ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಸಣ್ಣ ಪುಡಿಗಾಸಿಗೆ ಇಳಿಸಿದ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ, ಹತ್ತಿರ ಹತ್ತಿರ 1,600 ಕ್ಯಾಲೊರಿ. ಕಲ್ಲು ಒಡೆಯುವವನಿಗೆ ಅದು ಸಾಲದು. ಆ ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಶ್ ಎಂಬಾತ ಇದು ಜೀವ ಹಿಡಿಯಲು ಸಾಲದ ಆಹಾರ ಎಂದು ಅಂಕಿಗಳನ್ನಿಟ್ಟು ವಾದಿಸಿದ. ಅದೇ ವರ್ಷ ಕೂಲಿ ಹೆಚ್ಚಾಯಿತು. ಆ ಬರದಲ್ಲಿ ಸತ್ತವರಿಗೆ ಲೆಕ್ಕವಿಲ್ಲ, ಒಬ್ಬ ಅಧಿಕಾರಿ ಎಲ್ಲರನ್ನೂ ಉಳಿಸಲಿಲ್ಲ. ಆದರೆ ಯಂತ್ರದೊಳಗೆ ಕುಳಿತವನೂ ಲೆಕ್ಕದ ಪುಸ್ತಕ ಹಿಡಿದುಕೊಂಡೇ ಎದುರು ನಿಲ್ಲಬಲ್ಲ ಎಂಬುದಕ್ಕೆ ಇದು ಪುರಾವೆ. ಸಾಹುಕಾರರ ಕೈಗೆ ಸಿಕ್ಕ ರೈತರು ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಕಟ್ಟಿದ್ದೂ ಇದೇ ಗದಗ ಜಿಲ್ಲೆಯಲ್ಲಿ.

ಹೀಗಾಗಿ ನರಗುಂದ ನೋಟ ಅವರಿಗೆ ನನ್ನ ಉತ್ತರ: ಜನ ಬರೀ ಕೆಟ್ಟವರು ಎಂದು ಬರೆದರೆ ಅದೂ ಸುಳ್ಳೇ. ಎರಡೂ ಬರೆಯಬೇಕು, ಒಂದೇ ಮನೆಯೊಳಗೆ.

ನರಗುಂದ ನೋಟ (ನರಗುಂದ)

ಒಂದೇ ಮನೆಯೊಳಗೆ ಎಂದರೆ ಒಪ್ಪುತ್ತೇನೆ. ಹಾಗಾದರೆ ಗಂಗವ್ವನನ್ನು ಹಿಡಿದುಕೊಟ್ಟವರು ಯಾರು? ಹಂದರದಲ್ಲಿ ಆ ಹೆಸರಿಲ್ಲ. ಅವಳ ಮಗನೇ ಆಗಿರಲಿ. ಅವನ ಪಾಲಿನ ನೀರು ಕಡಿದದ್ದು ಅವಳು, ಕಾರ್ಡು ರದ್ದಾದರೆ ಸಾಯುವುದು ಅವನ ಮಗಳು.

ಎರಿಹೊಲ (ಗದಗ)

ಈಗ ಕಥಿ ಆತು ನೋಡ್ರಿ.

ಗಮಕ ಕೇಳುಗಿ (ಗದಗ)

ನೀರು, ಕಾಳು ಎರಡೂ ಬಂದವು. ಮಾತಿನ ಬಗ್ಗೆ ಯಾರೂ ಹೇಳಿಲ್ಲ. ಪುಸ್ತಕ ಸುಡುವ ಆಡಳಿತವನ್ನು ಬರೆಯುವಾಗ, ರೇ ಬ್ರಾಡ್ಬರಿಯ 1953ರ 'ಫ್ಯಾರನ್‌ಹೀಟ್ 451' ಕಾದಂಬರಿಯಲ್ಲಿ ಇದ್ದಂತೆ, ಜನ ಪುಸ್ತಕಗಳನ್ನು ಬಾಯಿಪಾಠ ಮಾಡಿ ಉಳಿಸುವ ದೃಶ್ಯ ಬಂದೇ ಬರುತ್ತದೆ. ಅದನ್ನು ನಂಬುವಂತೆ ಬರೆಯಲು ಲೆಕ್ಕ ಬೇಕು. ಅರವತ್ತು ಸಾವಿರ ಪದಗಳ ಕಾದಂಬರಿಯನ್ನು ನಿಮಿಷಕ್ಕೆ ನೂರು ಪದದಂತೆ ಹೇಳಿದರೆ ಹತ್ತು ತಾಸು. ಒಬ್ಬರ ತಲೆಗೆ ಅದು ಭಾರ, ಅವರು ಸತ್ತರೆ ಪುಸ್ತಕವೂ ಹೋಯಿತು. ಇಪ್ಪತ್ತು ಪಾಲು ಮಾಡಿ, ಒಂದೊಂದು ಪಾಲು ಅರ್ಧ ತಾಸು. ಪ್ರತಿ ಪಾಲಿಗೆ ಇಬ್ಬರು, ಒಂದೇ ಮನೆಯವರಲ್ಲ. ನಲವತ್ತು ಜನ ಬೇಕು.

ಗದ್ಯ ಬಾಯಿಯಿಂದ ಬಾಯಿಗೆ ಹೋಗುವಾಗ ಸವೆಯುತ್ತದೆ, ಎಲ್ಲಿ ಸವೆಯಿತು ಎಂದೂ ತಿಳಿಯುವುದಿಲ್ಲ. ಗದಗಿನ ಕಥೆಯಾದರೆ ಷಟ್ಪದಿ ತನ್ನಿ. ಕುಮಾರವ್ಯಾಸನ ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಮೂರು-ನಾಲ್ಕು, ಮೂರು-ನಾಲ್ಕು ಎಂದು ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ ಇಪ್ಪತ್ತಮೂರು. ಒಟ್ಟು 102. ಒಂದು ಅಕ್ಷರ ಬಿಟ್ಟರೆ ಕಿವಿಗೆ ಎಡವಿದಂತೆ ಕೇಳುತ್ತದೆ. ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇರುವುದರಿಂದ ಸಾಲು ತಪ್ಪಿದರೂ ಗೊತ್ತಾಗುತ್ತದೆ. ಓದು ಬಾರದ ಮುದುಕಿಯೂ "ಇಲ್ಲಿ ಏನೋ ಬಿಟ್ಟಿ" ಎಂದು ತಿದ್ದಬಲ್ಲಳು. ಆಡಳಿತದವರು ಪಠ್ಯ ತಿರುಚಿ ಧ್ವನಿವರ್ಧಕದಲ್ಲಿ ಹಾಕಿದರೆ, ಮಾತ್ರೆ ತಪ್ಪಿದ ಜಾಗದಲ್ಲಿ ಇಡೀ ಗುಡಿಕಟ್ಟೆ ತಲೆ ಎತ್ತಿ ನೋಡುವ ದೃಶ್ಯ ಬರೆಯಬಹುದು. ಯಾರೂ ಒಂದು ಮಾತೂ ಆಡಬೇಕಾಗಿಲ್ಲ.

ಬೆಣ್ಣಿಹಳ್ಳ (ಹುಬ್ಬಳ್ಳಿ)

ಮೇಡಂ, ಇದನ್ನ ಓದಿ ಮೈ ಜುಂ ಅಂತು. ಆದ್ರ ವರದಾ ಅಕ್ಕಾರಿಗೆ ಒಂದು ಎಚ್ಚರಿಕಿ. ಇಲ್ಲಿ ಬಂದ ಎಲ್ಲಾ ಲೆಕ್ಕಾನೂ ಕಥಿಯೊಳಗ ಸುರೀಬ್ಯಾಡ್ರಿ, ಅದು ಕೈಪಿಡಿ ಆಗತದ. ಮೂರು ಸಾವಿರ ಪದದ ಕಥಿಗೆ ಒಂದು ಅಂಕಿ ಸಾಕು, ಹರವಿ ಗೆರಿ. ಉಳದ ಲೆಕ್ಕ ನಿಮ್ಮ ವಹಿಯೊಳಗ ಇರಲಿ, ಪಾತ್ರ ತಪ್ಪು ಹೆಜ್ಜಿ ಇಡದಂಗ ಅದು ಕಾಯ್ತದ. ಷಟ್ಪದಿ ಬ್ಯಾರೆ ಕಥಿಗೆ ಇಡ್ರಿ.

ಕಪ್ಪತಗುಡ್ಡ (ಮುಂಡರಗಿ)

ಫ್ಲೋರೈಡಿಗೆ ಒಂದು ಉಪಾಯ ಹೇಳಿ ಬಿಡುತ್ತೇನೆ, ಬೇಕಾದರೆ ಬಳಸಿ. ಕಾಯಂ ಹಲ್ಲುಗಳ ಹೊರಪದರ ಬಹುಮಟ್ಟಿಗೆ ಎಂಟು ವರ್ಷದೊಳಗೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಊರು ಒಂದು ನಿಯಮ ಮಾಡಿಕೊಳ್ಳಬಹುದು: ಮಳೆನೀರು ಎಂಟರೊಳಗಿನ ಮಕ್ಕಳಿಗೆ ಮಾತ್ರ. ಶಾಲೆಯ ಸ್ಲ್ಯಾಬು ಅರವತ್ತು ಚದರ ಮೀಟರ್ ಇರಲಿ, ವರ್ಷದ ಮಳೆ 600 ಮಿಲಿಮೀಟರ್ ಹಿಡಿಯಿರಿ. 36,000 ಲೀಟರ್ ಬೀಳುತ್ತದೆ, ಐದರಲ್ಲಿ ಒಂದು ಪಾಲು ಸೋರಿಕೆ, ಆವಿ ಎಂದು ಕಳೆದರೆ 28,800. ನಲವತ್ತು ಮಕ್ಕಳಿಗೆ ದಿನಕ್ಕೆ ಎರಡು ಲೀಟರಿನಂತೆ 360 ದಿನ. ಆದರೆ ತೊಟ್ಟಿ ದೊಡ್ಡದು ಬೇಕು, ಮುಚ್ಚಿರಬೇಕು, ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು. ಮಣ್ಣಿನ ಮೇಲ್ಮುದ್ದೆಯ ಮಾಳಿಗೆಯಿಂದ ಹಿಡಿದರೆ ಕೆಸರು ಬರುತ್ತದೆ.

ತೊಟ್ಟಿಗೆ ಕಾವಲಿಲ್ಲ. ಬಾಯಾರಿದ ದೊಡ್ಡವರು ಅದರ ಪಕ್ಕದಲ್ಲೇ ಹಾದು ಬೋರಿಂಗಿಗೆ ಹೋಗುತ್ತಾರೆ. ಮಗ ತಾಯಿಯನ್ನು ಹಿಡಿದುಕೊಟ್ಟ ಮರುದಿನವೂ ಅವನು ಆ ತೊಟ್ಟಿ ಮುಟ್ಟುವುದಿಲ್ಲ.

ವರದಾ ದಂಡಿ (ಹಾವೇರಿ)

ಇಷ್ಟು ಜನ ಇಷ್ಟು ಆಳವಾಗಿ ನೋಡಿದ್ದಕ್ಕೆ ಮನಸ್ಸು ತುಂಬಿತು. ಹೊಸ ಹಂದರ ಹೀಗಿದೆ.

ಬೋರಿಂಗ್ ನಿಂತ ಎರಡನೇ ದಿನ. ಗಂಗವ್ವ ಚರಿಗೆ ಕೊಡುತ್ತಾಳೆ, ತನ್ನದೇ ಚರಿಗೆ. ಕುಡಿದು ಕೊಟ್ಟದ್ದನ್ನು ಬೂದಿ ಹಚ್ಚಿ ಬೆಳಗದೆ ಹಾಗೇ ಹರವಿಯ ಮೇಲೆ ಬೋರಲು ಹಾಕುತ್ತಾಳೆ. ಮಗ ನೋಡುತ್ತಾನೆ, ಹೇಳುತ್ತಾನೆ. ಅವಳನ್ನು ಒಯ್ದ ದಿನವೇ ಪೈಪು ಎತ್ತುವ ಕೆಲಸ. ಕ್ಲಾಂಪಿನ ಒಂದು ಬದಿಗೆ ಮಗ, ಇನ್ನೊಂದು ಬದಿಗೆ ವಾಷರ್ ಮಾಡಿದ ಮನೆಯ ಹೆಣ್ಣುಮಗಳು, ಸೊಂಟಕ್ಕೆ ಎರಡನೇ ಕೀಲಿ. ಗಂಗವ್ವ ತಿರುಗಿ ಬರುತ್ತಾಳೋ ಇಲ್ಲವೋ ಬರೆಯುವುದಿಲ್ಲ. ಹೇಳುತ್ತಿರುವವಳು ಮೊಮ್ಮಗಳು, "ಆಗ" ಎಂಬ ಪದ ಒಂದೇ ಕಡೆ.

ಹಗೇವು ಮತ್ತು ಷಟ್ಪದಿಯನ್ನು ಬೇರೆ ಕಥೆಗಳಿಗೆ ಎತ್ತಿಟ್ಟಿದ್ದೇನೆ. ಒಂದು ಪ್ರಶ್ನೆ ಉಳಿದಿದೆ: ಹೊಸ ವಾಷರ್ ಹಾಕಿ ಪೈಪು ಇಳಿಸಿದ ಮೇಲೆ ಎಷ್ಟು ಹೊಡೆತಕ್ಕೆ ನೀರು ಬರುತ್ತದೆ?

ಬ್ಯಾಡಗಿ ಘಾಟು (ಬ್ಯಾಡಗಿ)

ಚರಿಗೆಯನ್ನು ಬೆಳಗದೆ ಇಟ್ಟದ್ದು ಸರಿಯಾಗಿದೆ. ಮಗ ಹಿಡಿದುಕೊಟ್ಟದ್ದಕ್ಕೆ ಕಾರಣ ನೀರೋ ಚರಿಗೆಯೋ ಎಂಬುದನ್ನು ಬಿಡಿಸಿ ಹೇಳಬೇಡಿ.

ಕಪ್ಪತಗುಡ್ಡ (ಮುಂಡರಗಿ)

ನೀರಿನ ಮಟ್ಟ ಇಪ್ಪತ್ತು ಮೀಟರ್ ಕೆಳಗಿದೆ ಎಂದುಕೊಳ್ಳಿ. ಖಾಲಿ ಪೈಪು ತುಂಬಲು ಮೀಟರಿಗೆ ಲೀಟರಿಗಿಂತ ತುಸು ಕಡಿಮೆ, ಒಟ್ಟು ಹದಿನೆಂಟು ಲೀಟರ್ ಬೇಕು. ಒಂದು ಹೊಡೆತಕ್ಕೆ ಮೂರನೇ ಒಂದು ಲೀಟರಿಗಿಂತ ಸ್ವಲ್ಪ ಕಡಿಮೆ ಏರುತ್ತದೆ. ಅರವತ್ತರ ಆಸುಪಾಸಿನ ಹೊಡೆತ, ಎರಡು ನಿಮಿಷದೊಳಗಿನ ಕೆಲಸ. ಮೊದಲ ಹತ್ತಿಪ್ಪತ್ತು ಹೊಡೆತಕ್ಕೆ ಹಿಡಿಕೆ ಹಗುರ, ನೀರು ಏರಿದಂತೆ ಭಾರವಾಗುತ್ತಾ ಹೋಗುತ್ತದೆ. ಎಪ್ಪತ್ತು ಎಂಬತ್ತು ದಾಟಿದರೂ ಭಾರ ಆಗದಿದ್ದರೆ ತಳದ ವಾಲ್ವ್ ಕೂತಿಲ್ಲ ಎಂದರ್ಥ, ಹತ್ತೂ ಪೈಪು ಮತ್ತೆ ಎತ್ತಬೇಕು. ಬಂದ ನೀರು ಮೊದಲೆರಡು ಕೊಡ ಜಂಗು ಹಿಡಿದ ಕೆಂಪು ಬಣ್ಣದ್ದು, ಎಣ್ಣೆಯ ವಾಸನೆಯೂ ಇರುತ್ತದೆ. ಅದನ್ನೂ ಚೆಲ್ಲುವುದಿಲ್ಲ, ನೆಲ ಸಾರಿಸಲು ಎತ್ತಿಡಲಿ; ಹದ ಮಾಡುವ ತೊಟ್ಟಿಗೆ ಮಾತ್ರ ಹಾಕಬಾರದು, ಜಂಗು ತಾಗಿದರೆ ತೊಗಟೆಯಲ್ಲಿ ಹದ ಮಾಡಿದ ಚರ್ಮ ಕಪ್ಪಾಗಿ ಕೆಡುತ್ತದೆ.